ಉಳಿಗಳು ಮಾತ್ರ ಬಂದ ಹಬ್ಬ

ನಿಮ್ಮ ಮನೆಯ ಹಿತ್ತಲಲ್ಲಿ ಒಂದು ಒಗೆಯುವ ಕಲ್ಲು ಇದ್ದೇ ಇರುತ್ತದೆ. ಇಲ್ಲವೆನ್ನಬೇಡಿ, ಬಸವನಗುಡಿಯಾಗಲಿ ಮಲ್ಲೇಶ್ವರವಾಗಲಿ, ಬಾವಿ ಮುಚ್ಚಿಸಿ ನಲ್ಲಿ ಹಾಕಿಸಿಕೊಂಡವರೂ, ಸೌದೆಯೊಲೆ ಬಿಟ್ಟು ಗ್ಯಾಸಿಗೆ ಬಂದವರೂ ಆ ಕಲ್ಲನ್ನು ಮಾತ್ರ ಕದಲಿಸಿಲ್ಲ. ಬೆಳಗಿನ ಹೊತ್ತು ನಮ್ಮ ಶಂಕರಪುರದ ಬೀದಿಯಲ್ಲಿ ನಡೆದು ಹೋದರೆ ಒಂದೊಂದು ಹಿತ್ತಲಿನಿಂದಲೂ ಒದ್ದೆ ಬಟ್ಟೆ ಬಡಿಯುವ ಸದ್ದು ಕೇಳಿಬರುತ್ತದೆ. ಯಾವ ಮನೆಯಲ್ಲಿ ಸೊಸೆಗೆ ಅತ್ತೆಯ ಮೇಲೆ ಕೋಪ ಬಂದಿದೆಯೆಂದು ಆ ಸದ್ದಿನಿಂದಲೇ ಹೇಳಬಲ್ಲೆನೆಂಬುದು ನನಗೊಂದು ಹೆಮ್ಮೆ. ನನ್ನ ಹಿತ್ತಲಿನ ಕಲ್ಲಿಗೆ ಅಷ್ಟು ಕೆಲಸವಿಲ್ಲ. ಒಬ್ಬಳು ಉಡುವ ಸೀರೆ, ಒಬ್ಬಳು ಒರೆಸಿಕೊಳ್ಳುವ ಟವೆಲು. ಬಡಿಯಲು ಶುರುಮಾಡುವುದರೊಳಗೆ ಮುಗಿದುಹೋಗುತ್ತದೆ. ಸದ್ದು ನಿಂತಮೇಲೆ ಮನೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಮತ್ತು ಅದು ನನಗೆ ಇಷ್ಟವಿಲ್ಲ.

ನಾವು ವಿಚಾರಿಸುವ ಜನ. ಗಾಂಧಿ ಬಜಾರಿನಲ್ಲಿ ಬದನೆಕಾಯಿ ಕೊಳ್ಳುವಾಗ ಅದು ಯಾವ ಊರಿನದು, ಇವತ್ತು ಕಿತ್ತದ್ದೋ ನಿನ್ನೆಯದೋ ಎಂದು ಕೇಳಿ, ತೊಟ್ಟು ಹಿಡಿದು ತಿರುಗಿಸಿ ನೋಡಿಯೇ ಚೀಲಕ್ಕೆ ಹಾಕುತ್ತೇವೆ. ಸಂಬಂಧ ಬೆಳೆಸುವಾಗಲಂತೂ ಹುಡುಗನ ಸೋದರತ್ತೆಯ ಗಂಡನ ಅಣ್ಣನಿಗೆ ಏನು ಕಾಯಿಲೆಯಿತ್ತು ಎಂಬಲ್ಲಿಗೂ ಹೋಗಿ ಬರುತ್ತೇವೆ. ಆದರೆ ದಿನಬೆಳಗಾದರೆ ಬೆನ್ನು ಬಗ್ಗಿಸುವ ಆ ಕಲ್ಲು ಯಾವ ಬೆಟ್ಟದ್ದು, ಅದರ ಮಗ್ಗುಲಲ್ಲಿ ಇನ್ನೂ ಉಳಿದಿರುವ ಉಳಿಯ ಗೀರುಗಳು ಯಾರ ಕೈಯವು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕಾಣಬೇಕಾಗಿದ್ದರೆ ನಾನೇ ಕಾಣಬೇಕಾಗಿತ್ತು, ಏಕೆಂದರೆ ಕಲ್ಲು ಮಾರುವುದೇ ನನ್ನ ಕಸುಬು.

ಚಾಮರಾಜಪೇಟೆಯಲ್ಲಿ ನಮ್ಮದೊಂದು ಕಲ್ಲಿನ ಡಿಪೊ. ಮನೆಗೆ ಹಾಸುವ ಚಪ್ಪಡಿ, ಪಾಯಕ್ಕೆ ಸೈಜುಗಲ್ಲು, ಬಾಗಿಲಿಗೆ ಹೊಸ್ತಿಲು, ಹಿತ್ತಲಿಗೆ ಒಗೆಯುವ ಕಲ್ಲು, ಎಲ್ಲವೂ ಸಿಕ್ಕುತ್ತದೆ. ಮಾವನವರು ಶುರುಮಾಡಿದ್ದು, ನಮ್ಮ ಯಜಮಾನರು ಬೆಳೆಸಿದ್ದು. ಅವರು ಹೋದಮೇಲೆ ಮಕ್ಕಳಿಲ್ಲದ ನನ್ನ ಪಾಲಿಗೆ ಬಂದದ್ದು. ಹೆಂಗಸಿಗೇಕೆ ಕಲ್ಲಿನ ಸಹವಾಸ, ಮಾರಿಬಿಟ್ಟು ರಾಮಾ ಕೃಷ್ಣಾ ಅಂದುಕೊಂಡಿರು ಎಂದು ನೆಂಟರೆಲ್ಲ ಹೇಳಿದರು. ನಾನು ಒಪ್ಪದಿದ್ದಾಗ, ಎದೆಯನ್ನು ಕಲ್ಲು ಮಾಡಿಕೊಂಡಿದ್ದಾಳೆ ಎಂದು ಆಡಿಕೊಂಡರು. ಸರಕಿಗೆ ನನ್ನಲ್ಲಿ ಕೊರತೆಯಿಲ್ಲವಲ್ಲ, ಆಡಿಕೊಳ್ಳಲಿ ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ವ್ಯಾಪಾರವಲ್ಲ, ಸದ್ದು. ಮನೆಯಲ್ಲಿ ಗಡಿಯಾರ ಬಿಟ್ಟರೆ ಮಾತಾಡುವವರಿರಲಿಲ್ಲ. ಡಿಪೊಗೆ ಬಂದರೆ ಬೆಳಗಿನಿಂದ ಸಂಜೆಯವರೆಗೆ ಉಳಿ ಸುತ್ತಿಗೆಗಳ ಮಾತು ನಡೆದೇ ಇರುತ್ತಿತ್ತು. ಬಂದ ಗಿರಾಕಿಗಳು ನನ್ನನ್ನು ದಾಟಿ ನಮ್ಮ ಮೇಸ್ತ್ರಿ ಹನುಮಂತಪ್ಪನನ್ನು ಮಾತಾಡಿಸುತ್ತಿದ್ದರು, ಅವನು ನನ್ನ ಮುಖ ನೋಡಿಕೊಂಡು ಉತ್ತರ ಹೇಳುತ್ತಿದ್ದ, ಹೀಗೆ ಸುತ್ತಿ ಬಳಸಿ ವ್ಯಾಪಾರವೂ ನಡೆಯುತ್ತಿತ್ತು.

ನಮ್ಮ ಡಿಪೊದಲ್ಲಿ ಮಾವನವರ ಕಾಲದಿಂದ ಒಂದು ಪದ್ಧತಿಯಿತ್ತು. ಆಯುಧಪೂಜೆಯ ದಿನ, ಕಲ್ಲನ್ನು ಮುಟ್ಟಿದವರೆಲ್ಲರೂ ಬರಬೇಕು. ಬೆಟ್ಟದಲ್ಲಿ ಬಂಡೆ ಸೀಳುವವರು, ಲಾರಿಯವರು, ಡಿಪೊದಲ್ಲಿ ಕೆತ್ತುವವರು, ಎಲ್ಲರೂ ತಮ್ಮ ತಮ್ಮ ಆಯುಧ ತರಬೇಕು. ಸಾಲಾಗಿ ಇಟ್ಟು ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಪುರಿ ಕಡಲೆ ಹಂಚಿ, ಆಮೇಲೆ ಎಲ್ಲರಿಗೂ ಒಟ್ಟಿಗೆ ಊಟ. ಹಳೆಯ ಕ್ವಾರಿಯ ಮಾಲೀಕರು ಆ ದಿನ ತಮ್ಮ ಜನರನ್ನೆಲ್ಲ ಲಾರಿಯಲ್ಲಿ ತುಂಬಿಕೊಂಡು ತಾವೇ ಬರುತ್ತಿದ್ದರು. ಅವರ ಬಂಡೆ ಮುಗಿದುಹೋಗಿ, ನಾವು ಪುಟ್ಟಸ್ವಾಮಿ ಎಂಬ ಕಂಟ್ರಾಕ್ಟರ ಕ್ವಾರಿಯಿಂದ ಕಲ್ಲು ತರಿಸಲು ಶುರುಮಾಡಿದ್ದೆವು. ಕಲ್ಲು ಚೆನ್ನಾಗಿತ್ತು, ಹೇಳಿದ ದಿನಕ್ಕೆ ಬರುತ್ತಿತ್ತು, ದರವೂ ಉಳಿದವರಿಗಿಂತ ಕಡಿಮೆ. ಅಗ್ಗದ ಮಾಲಿನ ವಿಚಾರದಲ್ಲಿ ಮಾತ್ರ ನಾವು ಯಾರೂ ಬದನೆಕಾಯಿಯನ್ನು ತಿರುಗಿಸಿ ನೋಡುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ವರ್ಷ. ಹಬ್ಬಕ್ಕೆ ಎಲ್ಲರನ್ನೂ ಕಳಿಸಿಕೊಡಿ ಎಂದು ಪುಟ್ಟಸ್ವಾಮಿಯವರಿಗೆ ಮೊದಲೇ ಹೇಳಿಕಳಿಸಿದ್ದೆ. ಅಡುಗೆಯವರು ಬೆಳಗಿನಿಂದ ಒಬ್ಬಟ್ಟು ಬೇಯಿಸಿದ್ದರು. ಅಂಗಳ ತೊಳೆಸಿ, ಕಲ್ಲುಗಳಿಗೆಲ್ಲ ಬಾಳೆಕಂಬ ಒರಗಿಸಿ, ಊಟಕ್ಕೆ ಎಲೆ ಹಾಕಿಸಿ ಕಾದುಕೊಂಡಿದ್ದೆ. ಕ್ವಾರಿಗೆ ಕಳಿಸಿದ್ದ ನಮ್ಮ ಲಾರಿ ಬಂತು. ಡ್ರೈವರ್ ಖಾದರ್ ಒಬ್ಬನೇ ಇಳಿದು, ಹಿಂದಿನಿಂದ ಒಂದು ಗೋಣಿಚೀಲ ಎಳೆದು ನನ್ನ ಮುಂದೆ ತಂದಿಟ್ಟ. ಒಳಗೆ ಉಳಿಗಳು, ಸುತ್ತಿಗೆಗಳು.

"ಜನ ಎಲ್ಲಪ್ಪ?" ಎಂದೆ.

"ಇಷ್ಟೇ ಕೊಟ್ಟಿದ್ದು ಅಮ್ಮಾ. ಪೂಜೆ ಆಯುಧಕ್ಕೆ ತಾನೆ, ಜನ ಯಾಕೆ ಸುಮ್ನೆ ಅಂದ್ರು. ಸಂಜೆ ವಾಪಸ್ ತಗೊಂಡ್ಬಾ ಅಂದಿದಾರೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಪುಟ್ಟಸ್ವಾಮಿಯವರ ಶಾಸ್ತ್ರಜ್ಞಾನ ಮೆಚ್ಚಬೇಕಾದದ್ದೇ. ಆಯುಧಪೂಜೆಯೆಂದರೆ ಆಯುಧಕ್ಕೆ ಪೂಜೆ, ಅದರಲ್ಲಿ ತಪ್ಪು ಹುಡುಕುವುದು ಹೇಗೆ? ಉಳಿಗಳನ್ನು ಸಾಲಾಗಿ ಜೋಡಿಸಿದೆವು. ಗಂಡ ಸತ್ತವಳು ಕುಂಕುಮ ಮುಟ್ಟಬಾರದೆಂದು ನಮ್ಮ ಅತ್ತಿಗೆ ಪ್ರತಿವರ್ಷ ಹೇಳುತ್ತಾರೆ, ಆದರೆ ಉಳಿಗಳು ಯಾವತ್ತೂ ಆಕ್ಷೇಪಣೆ ಮಾಡಿದ್ದಿಲ್ಲವಾದ್ದರಿಂದ ನಾನೇ ಇಟ್ಟೆ. ಒಂದು ಉಳಿಯ ಹಿಡಿಗೆ ಹಸಿರು ಸೀರೆಯ ಹರುಕು ಸುತ್ತಿತ್ತು, ಅಂಗೈ ಸವೆಯದಿರಲೆಂದು ಯಾರೋ ಹೆಂಗಸು ಸುತ್ತಿಕೊಂಡದ್ದು. ಬೆವರಿಗೆ ಬಣ್ಣ ಹೋಗಿತ್ತು. ಅದಕ್ಕೆ ಕುಂಕುಮ ಇಡುತ್ತಿದ್ದಾಗಲೇ ನನಗೆ ಹೊಳೆದದ್ದು: ಉಳಿಗಳೆಲ್ಲ ಇಲ್ಲಿವೆ, ಎಂದಮೇಲೆ ಅಲ್ಲಿ ಇವತ್ತು ಕೆಲಸವಿಲ್ಲ. ಕೆಲಸವಿಲ್ಲದ ದಿನ, ಹಬ್ಬದ ದಿನ, ಲಾರಿ ಬಾಗಿಲಿಗೆ ಬಂದು ನಿಂತಿದ್ದಾಗಲೂ ಒಬ್ಬರೂ ಹತ್ತಿಲ್ಲ. ಕಬ್ಬಿಣಕ್ಕೆ ಊರು ನೋಡಿಬರಲು ಅಪ್ಪಣೆಯಿದೆ, ಅದನ್ನು ಹಿಡಿಯುವ ಕೈಗೆ ಇಲ್ಲ. ಅಂಗಳದ ತುಂಬ ಹಾಕಿಸಿದ್ದ ಖಾಲಿ ಎಲೆಗಳನ್ನು ನೋಡಲಾಗಲಿಲ್ಲ. ನನ್ನ ಮನೆಯ ಊಟದ ಕೋಣೆಯೇ ಎದ್ದು ಇಲ್ಲಿಗೆ ಬಂದ ಹಾಗೆ ಇತ್ತು.

ಅಡುಗೆಯನ್ನೂ ಚೀಲವನ್ನೂ ಲಾರಿಗೆ ಹಾಕಿಸಿ, ಖಾದರ್ ಪಕ್ಕ ನಾನೂ ಹತ್ತಿ ಕುಳಿತೆ. ಕನಕಪುರದ ರಸ್ತೆಯಲ್ಲಿ ಬಹಳ ದೂರ ಹೋಗಿ, ಮಣ್ಣು ದಾರಿ ಹಿಡಿದು ಕ್ವಾರಿ ಮುಟ್ಟಿದಾಗ ಪುಟ್ಟಸ್ವಾಮಿಯವರು ಚಪ್ಪರದ ಕೆಳಗೆ ಕುಳಿತಿದ್ದವರು ಎದ್ದು ಬಂದರು. "ಅಯ್ಯೋ, ನೀವ್ಯಾಕಮ್ಮ ಬರೋಕ್ ಹೋದ್ರಿ, ಡ್ರೈವರ್ ಹತ್ರ ಕಳಿಸಿದ್ರೆ ಆಗ್ತಿತ್ತಲ್ಲ" ಎಂದರು. ಪೂಜೆ ಮಾಡಿದ ಆಯುಧವನ್ನು ಅದನ್ನು ಹಿಡಿಯುವವನ ಕೈಗೇ ಕೊಡಬೇಕು, ನಡುವೆ ಮತ್ತೊಬ್ಬರು ಮುಟ್ಟಿದರೆ ದೋಷ ಎಂದೆ. ಆ ಶಾಸ್ತ್ರ ಲಾರಿಯಲ್ಲಿ ಬರುವಾಗ ನಾನೇ ಬರೆದದ್ದು; ಆದರೆ ಅವರಿಗೆ ದೇವರ ಭಯ ಇತ್ತು, ಸುಮ್ಮನೆ ದಾರಿ ಬಿಟ್ಟರು.

ಗುಡಿಸಲುಗಳಿಂದ ಒಬ್ಬೊಬ್ಬರಾಗಿ ಬಂದು ತಮ್ಮ ಉಳಿ ಗುರುತು ಹಿಡಿದು ತೆಗೆದುಕೊಂಡರು, ಬಂಡೆಯ ನೆರಳಿನಲ್ಲಿ ಕುಳಿತು ಒಬ್ಬಟ್ಟು ತಿಂದರು. ಹಸಿರು ಹರುಕಿನ ಉಳಿ ನರಸಮ್ಮ ಎಂಬ ಹೆಂಗಸಿನದು. ಅವಳೂ ಗಂಡ ಮುನಿಯಪ್ಪನೂ ಮುಳಬಾಗಿಲು ಕಡೆಯವರು. ಯಾವುದೋ ಕಾಯಿಲೆಯ ಕಾಲದಲ್ಲಿ ಮುಂಗಡ ತೆಗೆದುಕೊಂಡು ಇಲ್ಲಿಗೆ ಬಂದವರು, ಆ ಮುಂಗಡ ಇನ್ನೂ ತೀರಿಲ್ಲ. ತೀರುವವರೆಗೆ ಇಲ್ಲೇ ಇರಬೇಕು. ಊರಿಗೆ ಹೋಗಲೇಬೇಕಾಗಿ ಬಂದರೆ ಒಬ್ಬರು ಹೋಗಬಹುದು, ಮತ್ತೊಬ್ಬರು ಒತ್ತೆಯಾಗಿ ಉಳಿಯಬೇಕು. ಮುನಿಯಪ್ಪನ ತಾಯಿ ಸತ್ತಾಗ ಅವನು ಹೋದ, ಇವಳು ಉಳಿದಳು. ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದ ಮಗಳು ಮೈನೆರೆದಾಗ ಇವಳು ಹೋದಳು, ಅವನು ಉಳಿದ. ಮದುವೆಯಾದ ಗಂಡಹೆಂಡಿರು ಒಟ್ಟಿಗೆ ಒಂದು ಬಸ್ಸು ಹತ್ತಿ ಎಷ್ಟು ಕಾಲವಾಗಿತ್ತೋ ಅವರಿಗೇ ನೆನಪಿರಲಿಲ್ಲ. ಇದನ್ನೆಲ್ಲ ಅವಳು ದೂರಿನಂತೆ ಹೇಳಲಿಲ್ಲ. ಅವಳಿಗೆ ನನ್ನಿಂದ ಬೇಕಾಗಿದ್ದದ್ದು ಬೇರೆ.

"ಕಾರ್ತೀಕದಾಗೆ ಮಗಳ ಮದ್ವೆ ಐತೆ ಅಮ್ಮಾ. ಇಬ್ರನ್ನೂ ಬಿಡಾಕಿಲ್ಲ ಅಂತಾರೆ. ನೀವು ಪ್ಯಾಟೆಯವ್ರು, ತಿಳಿದೋರು. ಒಬ್ರೇ ಧಾರೆ ಎರೆದ್ರೆ ನಡೀತೈತಾ?"

"ನೀನೋಗು, ನಾನಿರ್ತೀನಿ ಅಂದೀನಲ್ಲ" ಎಂದ ಮುನಿಯಪ್ಪ, ಎಲೆಯಿಂದ ತಲೆಯೆತ್ತದೆ.

ಧಾರೆಗೆ ಗಂಡನ ಕೈ ಬೇಕು, ಅದರ ಮೇಲೆ ನೀರು ಬಿಡಲು ಹೆಂಡತಿಯ ಕೈ ಬೇಕು. ಒಂದು ಕೈಯಿಂದ ಆಗುವ ಕೆಲಸ ಅದಲ್ಲ. ಇದನ್ನು ನನ್ನನ್ನು ಕೇಳಬೇಕೇ? ನನ್ನ ತಂಗಿಯ ಮಗಳನ್ನು ನಾವು ಧಾರೆ ಎರೆದು ಕೊಡಬೇಕೆಂದು ಮಾತಾಗಿತ್ತು. ಯಜಮಾನರು ಹೋದಮೇಲೆ ಆ ಮಾತು ಯಾರೂ ಎತ್ತಲಿಲ್ಲ, ಮದುವೆಯ ದಿನ ನಾನು ಉಗ್ರಾಣದಲ್ಲಿ ಕುಳಿತು ತೆಂಗಿನಕಾಯಿ ಎಣಿಸಿದೆ. ನನ್ನ ಜೊತೆಯವರನ್ನು ಸಾವು ಕರೆದುಕೊಂಡು ಹೋಯಿತು, ಅದರೊಂದಿಗೆ ವಾದ ಮಾಡುವಂತಿಲ್ಲ. ಇವರಿಬ್ಬರೂ ಬದುಕಿದ್ದಾರೆ, ಒಂದೇ ಗುಡಿಸಲಿನಲ್ಲಿದ್ದಾರೆ, ಆದರೂ ಮಗಳ ಹಸೆಯ ಮುಂದೆ ಒಬ್ಬರು ಒಂಟಿಯಾಗಿ ನಿಲ್ಲಬೇಕು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಪುಟ್ಟಸ್ವಾಮಿಯವರ ಹತ್ತಿರ ಹೋಗಿ ಕೇಳಿದೆ. ಅವರು ಕೆಟ್ಟ ಮಾತಾಡುವವರಲ್ಲ; ಎಳನೀರು ತರಿಸಿದರು. "ಇಬ್ರನ್ನೂ ಬಿಟ್ರೆ ವಾಪಸ್ ಬರಲ್ಲಮ್ಮ, ನನ್ ಅಡ್ವಾನ್ಸ್ ಗತಿ ಏನು? ನೀವು ಹೇಳ್ತೀರಿ ಅಂದ್ರೆ ಬೇಕಾದ್ರೆ ಒಂದ್ ಕೆಲ್ಸ ಮಾಡಿ. ಅಡ್ವಾನ್ಸ್ ನೀವೇ ಚುಕ್ತಾ ಮಾಡಿ, ಇಬ್ರನ್ನೂ ನಿಮ್ ಡಿಪೊಗೇ ಕರ್ಕೊಂಡ್ಹೋಗಿ. ನಂಗೇನೂ ಬೇಜಾರಿಲ್ಲ" ಎಂದರು.

ಗೆಳೆಯರೇ, ಆ ದಿನ ಲಾರಿಯಲ್ಲಿ ಹಿಂದಿರುಗುವಾಗ ಈ ಮಾತು ನನ್ನನ್ನು ಎಷ್ಟು ಸಿಹಿಯಾಗಿ ಕಾಡಿತೆಂದು ಹೇಳಿದರೆ ನಂಬುತ್ತೀರೋ ಇಲ್ಲವೋ. ಹಿತ್ತಲಿನಲ್ಲಿ ಒಂದು ಕೋಣೆ ಖಾಲಿ ಬಿದ್ದಿದೆ, ಅಲ್ಲಿರಲಿ. ಅವನು ಡಿಪೊದಲ್ಲಿ ಕೆತ್ತಲಿ, ಅವಳು ನನ್ನ ಜೊತೆಗಿರಲಿ, ಸಂಜೆ ನಾನು ಮನೆಗೆ ಬಂದಾಗ ಒಳಗಿಂದ ಯಾರೋ ಬಾಗಿಲು ತೆಗೆಯಲಿ. ಎಲ್ಲರೂ ನನ್ನನ್ನು ಪುಣ್ಯವಂತೆ ಎನ್ನುವರು, ಅವರಿಬ್ಬರೂ ಕೈಮುಗಿಯುವರು, ಎಲ್ಲಿಗಾದರೂ ಹೊರಟರೆ ನನ್ನನ್ನು ಕೇಳಿ ಹೋಗುವರು. ಆ ಕೊನೆಯದು ಮನಸ್ಸಿಗೆ ಬಂದಾಗ ನಾನು ಎಚ್ಚೆತ್ತೆ. ಕೇಳಿ ಹೋಗುವುದೆಂದರೇನು? ಹಗ್ಗದ ತುದಿ ಒಂದು ಕೈಯಿಂದ ಇನ್ನೊಂದು ಕೈಗೆ ಬಂದರೆ ಕಟ್ಟಿಸಿಕೊಂಡವನಿಗೆ ಆಗುವ ಲಾಭವೇನು? ಒಂಟಿತನಕ್ಕೂ ಒಡೆತನಕ್ಕೂ ನಡುವೆ ಒಂದು ಹೊಸ್ತಿಲಷ್ಟೇ ದೂರ, ಮತ್ತು ಹೊಸ್ತಿಲು ಮಾರುವವಳಾಗಿಯೂ ನಾನದನ್ನು ದಾಟಿಬಿಡುವುದರಲ್ಲಿದ್ದೆ. ಜೀತ ಇನ್ನಿಲ್ಲ, ಅದರ ಸಾಲವೂ ಸಾಲವಲ್ಲ ಎಂದು ಕಾನೂನು ಬಂದದ್ದನ್ನು ರೇಡಿಯೊದಲ್ಲಿ ಕೇಳಿದ್ದೆ. ಇಲ್ಲದ ಸಾಲವನ್ನು ನಾನು ತೀರಿಸಿದರೆ ಅದು ಇತ್ತೆಂದು ಒಪ್ಪಿದ ಹಾಗಾಗುತ್ತದೆ.

ಮರುದಿನವೇ ಹೇಳಿಕಳಿಸಿದೆ: ಆ ದಂಪತಿಗಳಿಬ್ಬರೂ ತಮ್ಮ ಕಾಲಿನಿಂದ ತಾವೇ ನಡೆದು ನನ್ನ ಡಿಪೊಗೆ ಬರುವವರೆಗೆ ನಿಮ್ಮ ಕ್ವಾರಿಯ ಒಂದು ಚಕ್ಕೆಯೂ ನನ್ನ ಅಂಗಳಕ್ಕೆ ಬೇಡ. ಪುಟ್ಟಸ್ವಾಮಿಯವರು ನಕ್ಕರಂತೆ. ನಗದೆ ಏನು ಮಾಡುತ್ತಾರೆ? ನನ್ನ ಪಾಲಿನ ಕಲ್ಲು ಅದೇ ವಾರ ಚಾಮರಾಜಪೇಟೆಯ ಬೇರೆ ಡಿಪೊಗಳಲ್ಲಿ ಇಳಿಯಿತು. ನನ್ನ ಅಂಗಳ ಬರಿದಾಗುತ್ತಾ ಬಂತು. ಹೊಸದಾಗಿ ಮನೆ ಕಟ್ಟಿಸುತ್ತಿದ್ದ ಗಿರಾಕಿಯೊಬ್ಬರು, ನಿಮ್ಮ ನೇಮನಿಷ್ಠೆ ಒಳ್ಳೆಯದೇ, ಆದರೆ ನಮ್ಮ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿದೆ ಎಂದು ಎದುರು ಡಿಪೊಗೆ ಹೋದರು. ಇವಳು ಶುರುಮಾಡಿದ್ದನ್ನು ನಾಳೆ ಗಿರಾಕಿಗಳು ನಮ್ಮನ್ನೂ ಕೇಳುವ ಹಾಗಾಗುತ್ತದೆಂದು ಬೇರೆ ಡಿಪೊದವರಿಗೆ ಭಯ. ಅವರಲ್ಲಿ ಹಿರಿಯರೊಬ್ಬರು ಬಂದು, "ನಿಮ್ ಯಜಮಾನ್ರು ಇದ್ದಿದ್ರೆ ಹಿಂಗ್ ಮಾಡ್ತಿರ್ಲಿಲ್ಲಮ್ಮ" ಎಂದರು. ಸತ್ತವರ ಅಭಿಪ್ರಾಯ ಊರಿಗೆಲ್ಲ ಗೊತ್ತಿರುತ್ತದೆ, ಅವರ ಜೊತೆ ಬಾಳಿದವಳಿಗೊಬ್ಬಳಿಗೆ ಗೊತ್ತಿರುವುದಿಲ್ಲ. ಆ ಮಾತು ನನಗೆ ಬಹಳ ನೋವು ಮಾಡಿತು. ಮನೆಗೆ ಹೋಗಿ ಅತ್ತೆ. ದೀಪಾವಳಿಗೆ ಯಾವ ಅಂಗಡಿಯವರೂ ಲಕ್ಷ್ಮೀಪೂಜೆಗೆ ಕರೆಯಲಿಲ್ಲ. ಕೆತ್ತಲು ಕಲ್ಲಿಲ್ಲದೆ ಉಳಿಗಳ ಸದ್ದೂ ನಿಂತಿತು, ಯಾವ ಮೌನಕ್ಕೆ ಹೆದರಿ ಮನೆಯಿಂದ ಓಡಿಬಂದಿದ್ದೆನೋ ಅದು ಡಿಪೊಗೂ ಬಂದು ಕುಳಿತಿತು.

ಹೀಗೆ ಕುಳಿತಿದ್ದಾಗ ಒಂದು ವಿಷಯ ನಿಚ್ಚಳವಾಯಿತು. ನಾನು ಕಲ್ಲು ಕೊಳ್ಳುವುದನ್ನು ಬಿಟ್ಟದ್ದರಿಂದ ನನ್ನ ಕೈ ಮಾತ್ರ ತೊಳೆದುಕೊಂಡಂತಾಯಿತೇ ಹೊರತು ನರಸಮ್ಮನ ಕೈಗೆ ಧಾರೆಯ ಚೊಂಬು ಬರಲಿಲ್ಲ. ಕಾರ್ತೀಕ ಆಗಲೇ ಕಾಲಿಟ್ಟಿತ್ತು. ಕೊಡೆ ತೆಗೆದುಕೊಂಡು ತಾಲ್ಲೂಕು ಕಚೇರಿಗೆ ಹೊರಟೆ. ಇವತ್ತು ಬನ್ನಿ, ನಾಳೆ ಬನ್ನಿ ಎಂದರು. ಬೆಂಚಿನ ಮೇಲೆ ಕುಳಿತುಕೊಳ್ಳುವುದರಲ್ಲಿ ನನ್ನನ್ನು ಸೋಲಿಸುವವರಿಲ್ಲ, ಮನೆಯಲ್ಲಿ ನನಗಾಗಿ ಕಾಯುವವರೂ ಇರಲಿಲ್ಲ. ಕೊನೆಗೆ ಹೊಸದಾಗಿ ಬಂದಿದ್ದ ಅಧಿಕಾರಿಯೊಬ್ಬರು ಒಳಗೆ ಕರೆದು ಎಲ್ಲ ಕೇಳಿದರು.

"ದೂರು ಕೊಡೋಕೆ ಅವರೇ ಬರಬೇಕಲ್ಲಮ್ಮ" ಎಂದರು.

"ಅವ್ರು ಬರೋ ಹಾಗಿದ್ರೆ ದೂರೇ ಇರ್ತಿರ್ಲಿಲ್ಲ ಸ್ವಾಮಿ" ಎಂದೆ.

ಆತ, ನಿಮ್ಮ ಲಾರಿ ಇದೆಯೇ ಎಂದು ಕೇಳಿ ಎದ್ದರು.

ಕ್ವಾರಿಯಲ್ಲಿ ಪುಟ್ಟಸ್ವಾಮಿಯವರು ಮತ್ತೆ ಎಳನೀರಿಗೇ ಹೇಳಿದರು. "ನಾವೇನ್ ಕಟ್ಟಾಕಿದೀವಾ ಸಾರ್? ಹಗ್ಗ ಎಲ್ಲಿದೆ ತೋರ್ಸಿ" ಎಂದರು. ಮುನಿಯಪ್ಪನನ್ನೂ ನರಸಮ್ಮನನ್ನೂ ಕರೆಸಿ, ನಿಮ್ಮನ್ನು ಇಲ್ಲಿ ಹಿಡಿದಿಟ್ಟಿದ್ದಾರೆಯೇ ಎಂದು ಅಧಿಕಾರಿ ಕೇಳಿದರೆ, ಇಬ್ಬರೂ ನೆಲ ನೋಡುತ್ತಾ ನಿಂತರೇ ಹೊರತು ಬಾಯಿ ಬಿಡಲಿಲ್ಲ. ಸಾಹೇಬರು ಸಂಜೆಗೆ ಹೋಗಿಬಿಡುತ್ತಾರೆ, ಪುಟ್ಟಸ್ವಾಮಿ ಇಲ್ಲೇ ಇರುತ್ತಾರೆ. ಎಲ್ಲವೂ ಅಲ್ಲಿಗೇ ಮುಗಿದುಹೋಗುತ್ತಿತ್ತು. ನಾನು ಬಾಯಿ ಹಾಕಿದೆ.

"ಹಗ್ಗ ಇಲ್ಲ ಅಂತ ನೀವೇ ಅಂದ್ರಲ್ಲ, ಸರಿ. ಹಾಗಾದ್ರೆ ಇಬ್ರೂ ಈಗ್ಲೇ ನನ್ ಲಾರಿ ಹತ್ತಿದ್ರೆ ನಿಮಗೇನೂ ಬೇಜಾರಿಲ್ವಲ್ಲ?"

ಅವರು ಅಧಿಕಾರಿಯ ಮುಖ ನೋಡಿದರು, ನನ್ನ ಮುಖ ನೋಡಿದರು. "ನಂಗ್ಯಾಕ್ ಬೇಜಾರು" ಎಂದರು, ನಗುತ್ತಲೇ. ಆಗ ಅಧಿಕಾರಿ ಅಲ್ಲಿ ಸೇರಿದ್ದವರಿಗೆಲ್ಲ ಕೇಳಿಸುವಂತೆ, ಯಾರ ಮುಂಗಡಕ್ಕೂ ಯಾರೂ ಇಲ್ಲಿ ಉಳಿಯಬೇಕಾಗಿಲ್ಲ, ಹೋಗುವವರು ಹೋಗಬಹುದು ಎಂದು ನಿಧಾನವಾಗಿ, ಮತ್ತೆ ಮತ್ತೆ ಹೇಳಿದರು. ಯಾರೂ ತಟ್ಟನೆ ನಂಬಲಿಲ್ಲ. ಆಮೇಲೆ ಆತ ಹಲವು ಸಲ ಬಂದರು, ಕೆಲವರು ಊರಿಗೆ ಹೋದರು, ಕೆಲವರು ಅಲ್ಲೇ ಕೂಲಿಗೆ ಉಳಿದರು, ಕೆಲವರು ಎಲ್ಲಿಗೆ ಹೋದರೋ ನನಗೆ ತಿಳಿಯಲಿಲ್ಲ. ಕಥೆಗಳಲ್ಲಿ ಆಗುವ ಹಾಗೆ ಎಲ್ಲವೂ ಒಂದೇ ದಿನದಲ್ಲಿ ಸರಿಹೋಗಲಿಲ್ಲ.

ನನ್ನ ವ್ಯಾಪಾರ ಮೊದಲಿನಂತಾಗಲಿಲ್ಲ, ಆದರೆ ನಡೆಯುತ್ತಿದೆ. ಹೊಸ ಕ್ವಾರಿಯವರು ಯಾರಾದರೂ ಕಲ್ಲಿನ ಚೂರು ತಂದು ತೋರಿಸಿದರೆ ನಾನು ಅದನ್ನು ಬೆರಳಿನಿಂದ ಕುಟ್ಟಿ ನೋಡುವ ಮೊದಲು, ನಿಮ್ಮಲ್ಲಿ ಕೆಲಸ ಮಾಡುವ ಗಂಡಹೆಂಡಿರು ಒಂದು ಭಾನುವಾರ ಜೊತೆಯಾಗಿ ಬಂದು ನನ್ನ ಡಿಪೊದಲ್ಲಿ ಕಾಫಿ ಕುಡಿದು ಹೋಗಲಿ ಎನ್ನುತ್ತೇನೆ. ಅಮ್ಮನಿಗೆ ತಲೆ ಕೆಟ್ಟಿದೆ, ಕಲ್ಲು ಕೊಳ್ಳಲು ದಂಪತಿಪೂಜೆ ಮಾಡುತ್ತಾಳೆ ಎಂದು ಪೇಟೆಯಲ್ಲಿ ನಗುತ್ತಾರೆ. ಕೆಲವರು ಕಳಿಸುತ್ತಾರೆ, ಕೆಲವರು ಮತ್ತೆ ಬರುವುದಿಲ್ಲ. ಬಾರದವರ ಕಲ್ಲು ಎಂಥದ್ದೆಂದು ನನಗೆ ತಿಳಿದಹಾಗಾಯಿತು. ಯಾರಾದರೂ ಬಂದ ಭಾನುವಾರ ನನಗೆ ಮಧ್ಯಾಹ್ನದವರೆಗೆ ಮಾತಿಗೆ ಜನ ಸಿಕ್ಕುತ್ತಾರೆ, ಆ ಸ್ವಾರ್ಥವೂ ಅದರಲ್ಲಿ ಇಲ್ಲದಿಲ್ಲ.

ಆ ದಿನದ ಕೊನೆಯ ಮಾತು ಒಂದು ಹೇಳುವುದು ಉಳಿದಿದೆ. ಕ್ವಾರಿಯಿಂದ ನೇರವಾಗಿ ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿಗೆ ಬಂದೆವು. ಮುಳಬಾಗಿಲಿನ ಬಸ್ಸು ತುಂಬುತ್ತಾ ಇತ್ತು. ಮುನಿಯಪ್ಪ ಮೊದಲು ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು, ನರಸಮ್ಮನನ್ನು ಕೂರಿಸಿ, ಅವಳ ಕಾಲ ಬಳಿ ಗಂಟು ಇಟ್ಟ. ಆಮೇಲೆ ಕೆಳಗಿಳಿದು ಬಂದು ಕಿಟಕಿಯ ಹೊರಗೆ ನಿಂತ. ಅವಳು ಸರಳುಗಳ ನಡುವಿನಿಂದ, ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿಲಿನಾಗೆ ತಲೆಗೆ ಬಟ್ಟೆ ಕಟ್ಟಿಕೋ ಎಂದು ಹೇಳುತ್ತಿದ್ದಳು, ಅವನು ಹೂಂ ಹೂಂ ಎನ್ನುತ್ತಿದ್ದ. ಕಂಡಕ್ಟರು ಸೀಟಿ ಊದಿದ. ಇಬ್ಬರಿಗೂ ಹೊಳೆಯಲಿಲ್ಲ. ಅಷ್ಟು ವರ್ಷ ಒಬ್ಬರು ಹೊರಟಾಗ ಒಬ್ಬರು ನಿಂತು ನಿಂತು, ಬಸ್ಸು ಹೊರಡುವುದೆಂದರೆ ಹೀಗೆಯೇ ಎಂದು ಅವರಿಗೆ ಅಭ್ಯಾಸವಾಗಿಹೋಗಿತ್ತು.

"ಮುನಿಯಪ್ಪ, ನೀನೂ ಹತ್ತಪ್ಪ" ಎಂದೆ.

ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ಗಾಬರಿಯಿತ್ತು.

"ಹಂಗಾರೆ ಇಲ್ಲಿ ಯಾರಿರ್ತಾರೆ ಅಮ್ಮಾ?"

"ನಾನಿರ್ತೀನಿ" ಎಂದೆ. "ನೀನು ಹತ್ತು."